ಲೆಕ್ಕದ ಡಬ್ಬಿ

ನಾನು ಪ್ರಾಥಮಿಕ ಶಾಲೆಯ ಉಪಾಧ್ಯಾಯ. ತರಬೇತಿಯ ಕಾಲದಲ್ಲಿ ಕಲಿತುದರಲ್ಲಿ ಬಹುಪಾಲು ಮರೆತುಹೋಗಿದ್ದರೂ ಒಂದು ಮಾತು ಉಳಿದಿದೆ: ಮಗುವಿಗೆ ಸಂಖ್ಯೆಯನ್ನು ಕಣ್ಣಿಗಿಂತ ಮೊದಲು ಕೈಗೆ ಕೊಡಬೇಕು. ಇದಕ್ಕಾಗಿ ನಮ್ಮ ಹಿರಿಯರು ಹುಣಿಸೆಯ ಬೀಜವನ್ನು ಬಳಸಿದರು. ನಾನು ಅವರಿಗಿಂತ ನಾಗರಿಕನಲ್ಲವೆ? ಬಾಟಲಿಯ ಪ್ಲಾಸ್ಟಿಕ್ ಮುಚ್ಚಳಗಳನ್ನು ಬಳಸಿದೆ. ಬಿಳಿಯದು ಬಿಡಿ, ನೀಲಿಯದು ಹತ್ತು, ಕೆಂಪಿನದು ನೂರು ಎಂದು ಬಣ್ಣಕ್ಕೊಂದು ಬೆಲೆ ಕಟ್ಟಿ ಕಲಿಸಲು ಇದಕ್ಕಿಂತ ಅಗ್ಗದ ಉಪಕರಣವಿಲ್ಲ.

ಹುಡುಕುವ ಶ್ರಮವೂ ಇಲ್ಲ. ಶಾಲೆಯಿಂದ ಕಡಲ ದಡಕ್ಕೆ ಅರ್ಧ ಮೈಲಿಯೂ ಆಗದು. ಆಟಿ ತಿಂಗಳಲ್ಲಿ ಕಡಲು ಕೆರಳಿದಾಗ, ನಾವು ವರ್ಷವಿಡೀ ಅದಕ್ಕೆ ಕೊಟ್ಟುದನ್ನೆಲ್ಲ ಮರಳಿ ತಂದು ಮರಳ ಮೇಲಿಡುತ್ತದೆ. ಮಕ್ಕಳು ಕಿಸೆ ತುಂಬ ಹೆಕ್ಕಿ ತಂದರು. 200 ಮುಚ್ಚಳಗಳಾದುವು. ಬಿಸ್ಕತ್ತಿನ ಹಳೆಯ ಡಬ್ಬಿಯೊಂದರಲ್ಲಿ ತುಂಬಿ 'ಲೆಕ್ಕದ ಡಬ್ಬಿ' ಎಂದು ಹೆಸರಿಟ್ಟೆವು. ತನಿಖೆಗೆ ಬಂದ ಅಧಿಕಾರಿಗಳು ಇದನ್ನು ಮೆಚ್ಚಿದರೆಂದು ಹೇಳಿಕೊಳ್ಳುವ ಚಾಪಲ್ಯವನ್ನು ತಡೆಯಲಾರೆ.

ಆ ಹೆಮ್ಮೆ ಇಳಿದದ್ದು ಒಂದು ಚಿತ್ರದಿಂದ. ಹಕ್ಕಿಗಳ ಪಾಠದ ದಿನ ಮಕ್ಕಳಿಗೆ ಕಡಲ ಹಕ್ಕಿಗಳ ಚಿತ್ರಗಳನ್ನು ತೋರಿಸುತ್ತಿದ್ದೆ. ಅಮೆರಿಕದ ಛಾಯಾಗ್ರಾಹಕ ಕ್ರಿಸ್ ಜೋರ್ಡಾನ್ ಎಂಬವರು 2009ರಲ್ಲಿ ಮಿಡ್‌ವೇ ದ್ವೀಪದಲ್ಲಿ ತೆಗೆದ ಚಿತ್ರವೊಂದು ಅವುಗಳ ನಡುವೆ ಬಂತು. ಆಲ್ಬಟ್ರಾಸ್ ಹಕ್ಕಿಯ ಮರಿ ಸತ್ತು ಮಣ್ಣಾಗುತ್ತಿದೆ. ಗರಿಯೂ ಎಲುಬೂ ಉಳಿದಿವೆ. ಹೊಟ್ಟೆಯಿದ್ದಲ್ಲಿ ಬಣ್ಣಬಣ್ಣದ ಪ್ಲಾಸ್ಟಿಕ್ ಚೂರುಗಳು, ಮುಚ್ಚಳಗಳು. ನಾನು ದಾಟಿಸಿಬಿಡುವ ಮೊದಲೇ ಮುಂದಿನ ಸಾಲಿನ ಹುಡುಗ, "ಮಾಷ್ಟ್ರೇ, ಇದು ನಮ್ಮ ಲೆಕ್ಕದ ಡಬ್ಬಿ!" ಎಂದ. ಕೆಲವರು ನಕ್ಕರು. ಒಬ್ಬ ಹುಡುಗಿ ಮಾತ್ರ ನಗದೆ, "ಮರಿಗೆ ಗೊತ್ತಿಲ್ಲ, ಸರಿ. ಅದರ ಅಮ್ಮನಿಗೂ ಗೊತ್ತಾಗ್ಲಿಲ್ವಾ?" ಎಂದು ಕೇಳಿದಳು.

ಉತ್ತರ ತಿಳಿಯದಾಗ ನಾಳೆ ಹೇಳುತ್ತೇನೆ ಎನ್ನುವುದು ನಮ್ಮ ವೃತ್ತಿಯ ಗುಟ್ಟು. ಹಾಗೆಯೇ ಎಂದೆ, ಆ ರಾತ್ರಿ ಕುಳಿತು ಓದಿದೆ.

ಮಿಡ್‌ವೇ ಎಂಬುದು ಶಾಂತಸಾಗರದ ನಡುವೆ, ಹೊನೊಲುಲುವಿನಿಂದ 2000 ಕಿಲೋಮೀಟರಿಗೂ ಹೆಚ್ಚು ದೂರದಲ್ಲಿ ಬಿದ್ದಿರುವ ಪುಟ್ಟ ನೆಲ. ಅಲ್ಲಿಯ ಲೇಸನ್ ಆಲ್ಬಟ್ರಾಸ್ ಹಕ್ಕಿ ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ. ತಾಯಿತಂದೆಗಳಿಬ್ಬರೂ ಸರದಿಯಂತೆ ಕಡಲ ಮೇಲೆ ಬಹುದೂರ ಹಾರಿಹೋಗಿ, ತಿಂದುದನ್ನು ಮರಳಿ ಬಂದು ಮರಿಯ ಬಾಯಿಗೆ ಕಕ್ಕುತ್ತವೆ. ನಮ್ಮವರು ಬೊಂಡಾಸ್ ಎನ್ನುವ ಜೀವಿ ಅವುಗಳ ಆಹಾರ. ಹಾರುಮೀನಿನ ಮೊಟ್ಟೆಯೂ ಹೌದು. ಹಾರುಮೀನು ತನ್ನ ಮೊಟ್ಟೆಗಳನ್ನು ತೇಲುವ ಕಡ್ಡಿಗೋ ಪಾಚಿಗೋ ಅಂಟಿಸುತ್ತದೆ. ಹಕ್ಕಿ ಅವುಗಳನ್ನು ಕಡ್ಡಿಯ ಸಮೇತ ನುಂಗುತ್ತದೆ. ಅನಾದಿಯಿಂದ ನಡೆದುಬಂದ ಈ ಕ್ರಮದಲ್ಲಿ ಕೇಡಿರಲಿಲ್ಲ. ಈಗ ತೇಲುವುದು ಮುಚ್ಚಳ. ಮೊಟ್ಟೆ ಅಂಟಿರುವುದು ಮುಚ್ಚಳಕ್ಕೆ. ತಾಯಿ ಆರಿಸಿದ್ದು ಮೊಟ್ಟೆಯನ್ನೇ.

ಪೆಟ್ರೆಲ್ ಜಾತಿಯ ಹಕ್ಕಿಗಳ ಕಥೆ ಇನ್ನೂ ವಿಚಿತ್ರ. ಇವು ಮೂಗಿನಿಂದ ಊಟ ಹುಡುಕುವವು. ಕಡಲ ಸೂಕ್ಷ್ಮ ಪಾಚಿಯನ್ನು ಸಣ್ಣ ಜೀವಿಗಳು ಮೇಯುವಲ್ಲಿ ಗಂಧಕದ ಒಂದು ವಾಸನೆ ಏಳುತ್ತದೆ; ಹಸಿದ ಹಕ್ಕಿಗೆ ಅದು ಅಡುಗೆಮನೆಯ ಒಗ್ಗರಣೆಯಿದ್ದಂತೆ. ಪ್ಲಾಸ್ಟಿಕ್ ಕಡಲಲ್ಲಿ ತಿಂಗಳೊಪ್ಪತ್ತು ತೇಲಿದರೆ, ಮೇಲೆ ಪಾಚಿ ಹತ್ತಿ ಅದೇ ವಾಸನೆ ಬೀರುವುದೆಂದು ಕ್ಯಾಲಿಫೋರ್ನಿಯದ ವಿಜ್ಞಾನಿಗಳು 2016ರಲ್ಲಿ ತೋರಿಸಿಕೊಟ್ಟರು.

ಸತ್ತ ಮರಿಗಳೆಲ್ಲ ಪ್ಲಾಸ್ಟಿಕ್ಕಿನಿಂದಲೇ ಸತ್ತುವೆಂದರೆ ಅತಿಶಯೋಕ್ತಿಯಾದೀತು. ಆಲ್ಬಟ್ರಾಸ್ ಮರಿ ಮೊದಲ ಹಾರಾಟಕ್ಕೆ ಮುನ್ನ ಜೀರ್ಣವಾಗದುದನ್ನು ಉಂಡೆಗಟ್ಟಿ ಕಕ್ಕಬಲ್ಲುದು. ಎಷ್ಟೋ ಮರಿಗಳು ಹಾಗೆ ಬದುಕುತ್ತವೆ. ಆದರೆ ಬದುಕಿದುದೆಲ್ಲ ನೆಟ್ಟಗಿದೆಯೆಂದೂ ಅಲ್ಲ. ಆಸ್ಟ್ರೇಲಿಯದ ಲಾರ್ಡ್ ಹೋವ್ ದ್ವೀಪದ ಶಿಯರ್‌ವಾಟರ್ ಮರಿಗಳ ಜಠರದಲ್ಲಿ ಪ್ಲಾಸ್ಟಿಕ್ ಗೀರಿ ಗೀರಿ ಮೂಡಿದ ಗಾಯದ ಕಲೆಗಳಿಗೆ 2023ರಲ್ಲಿ 'ಪ್ಲಾಸ್ಟಿಕೋಸಿಸ್' ಎಂದು ರೋಗದ ಹೆಸರನ್ನೇ ಇಡಲಾಯಿತು.

ಮಿಡ್‌ವೇಯಲ್ಲಿ ವಿಸ್ಡಂ ಎಂಬ ಹೆಣ್ಣು ಆಲ್ಬಟ್ರಾಸ್ ಇದೆ. ಅದರ ಕಾಲಿಗೆ ಬಳೆ ತೊಡಿಸಿದ್ದು 1956ರಲ್ಲಿ. 2024ರ ಕೊನೆಯಲ್ಲಿಯೂ ಅದು ಮೊಟ್ಟೆಯಿಟ್ಟಿತು. ಅದು ಮೊದಲು ಮರಿಗೆ ತುತ್ತು ಕೊಟ್ಟ ಕಾಲದ ಕಡಲು ಯಾವುದು, ಈಗಿನ ಕಡಲು ಯಾವುದು! ಹಕ್ಕಿ ಬದಲಾಗಿಲ್ಲ.

ಮರುದಿನ ಇಷ್ಟನ್ನು ನನ್ನಿಂದಾದಷ್ಟು ಸರಳವಾಗಿ ಹೇಳಿದೆ. "ಹಾಗಾದ್ರೆ ಅಮ್ಮನ ತಪ್ಪಿಲ್ಲ" ಎಂದಳು ಆ ಹುಡುಗಿ. ಬಳಿಕ ನನ್ನ ಮೇಜಿನ ಮೇಲಿನ ಡಬ್ಬಿಯನ್ನು ನೋಡಿದಳು.

ಅದನ್ನೇನು ಮಾಡುವುದು? ಎಸೆದರೆ ಕಡಲಿಗೆ, ಸುಟ್ಟರೆ ಮಕ್ಕಳ ಮೂಗಿಗೆ. ಮನೆಮನೆಗೆ ಬಂದು ಪ್ಲಾಸ್ಟಿಕ್ ಸಂಗ್ರಹಿಸುವ ಹರಿತಕರ್ಮ ಸೇನೆಯ ಹೆಂಗಸರಿಗೆ ಒಪ್ಪಿಸುವುದೆಂದು ತೀರ್ಮಾನವಾಯಿತು. ಕೊಡುವ ಮೊದಲು ಎಣಿಸಿದೆವು. 197. ಮತ್ತೊಮ್ಮೆ ಎಣಿಸಿದೆವು, ಅಷ್ಟೇ. ಶಾಲೆಯ ಹಿಂದೆ ತೋಡು ಇದೆ. ಮಳೆಗಾಲದಲ್ಲಿ ಅದು ತುಂಬಿ ಹೊಳೆಗೆ, ಹೊಳೆ ಕಡಲಿಗೆ. ಸಂಜೆಯ ಗಂಟೆ ಬಾರಿಸಿದ ಮೇಲೂ ಮಕ್ಕಳು ತೋಡಿನ ಅಂಚಿನ ಹುಲ್ಲಿನಲ್ಲಿ ಹುಡುಕಿದರು. ಒಂದು ಸಿಕ್ಕಿತು, ನೀಲಿಯದು.