ಸಿಂಹದ ಚರ್ಮ ಹೊದ್ದ ಕತ್ತೆ

ಹುಲಿಯ ಚರ್ಮ ಹೊದ್ದ ಕತ್ತೆಯ ಕಥೆ ಪಂಚತಂತ್ರದ್ದು, ನಮ್ಮ ಮಕ್ಕಳಿಗೂ ಗೊತ್ತು. ಕತ್ತೆ ಒದರಿದೊಡನೆ ಗುಟ್ಟು ರಟ್ಟಾಗಿ ಕಥೆ ಮುಗಿಯುತ್ತದೆ. ಸಿ.ಎಸ್. ಲೂಯಿಸ್ 1956ರಲ್ಲಿ ಪ್ರಕಟಿಸಿದ ‘ದಿ ಲಾಸ್ಟ್ ಬ್ಯಾಟಲ್’ನಲ್ಲಿ ಹಾಗಾಗುವುದಿಲ್ಲ. 1950ರಲ್ಲಿ ಶುರುವಾದ ನಾರ್ನಿಯಾ ಮಾಲೆಯ ಏಳನೆಯ, ಕೊನೆಯ ಕಾದಂಬರಿ ಇದು.

ಶಿಫ್ಟ್ ಎಂಬ ಮುದಿ ಮಂಗ, ಪಜಲ್ ಎಂಬ ಪಾಪದ ಕತ್ತೆಗೆ ಸಿಂಹದ ಚರ್ಮ ಹೊದಿಸುತ್ತದೆ. ನಾರ್ನಿಯಾದವರು ನಂಬಿದ ಸಿಂಹ ಆಸ್ಲಾನ್ ಇವನೇ ಎಂದು ಸಾರುತ್ತದೆ. ಆ ಹೆಸರಿನಲ್ಲಿ ಮರಗಳು ಉರುಳುತ್ತವೆ, ಮಾತಾಡುವ ಪ್ರಾಣಿಗಳು ಜೀತಕ್ಕೆ ಬೀಳುತ್ತವೆ, ಕ್ಯಾಲೊರ್ಮೆನ್ ದೇಶದ ಸೈನಿಕರು ಒಳಗೆ ಬರುತ್ತಾರೆ. ಕೊನೆಯ ದೊರೆ ಟಿರಿಯನ್ ಕತ್ತೆಯನ್ನು ಕುಬ್ಜರೆದುರು ನಿಲ್ಲಿಸಿ ಮೋಸವನ್ನು ತೋರಿಸುತ್ತಾನೆ. ಅವರು ದೊರೆಯ ಕಡೆ ಬರಬೇಕಿತ್ತಲ್ಲವೇ? ಬರುವುದಿಲ್ಲ. ನಿಜವಾದ ಆಸ್ಲಾನನನ್ನೂ ಇನ್ನು ನಂಬುವುದಿಲ್ಲ ಎನ್ನುತ್ತಾರೆ. ಯುದ್ಧದಲ್ಲಿ ದೊರೆಯ ನೆರವಿಗೆ ಓಡಿಬಂದ ಕುದುರೆಗಳ ಮೇಲೆ ಬಾಣ ಬಿಡುವವರೂ ಅವರೇ.

ನನ್ನ ಮನಸ್ಸಿಗೆ ತಟ್ಟಿದ್ದು ಇದೇ. ಸುಳ್ಳು ಬಯಲಾದ ಮೇಲೂ ಅದರ ಹಾನಿ ನಿಲ್ಲುವುದಿಲ್ಲ.

ಒಂದು ಮಾತ್ರ ಸರಿ ಕಾಣಲಿಲ್ಲ. ಶತ್ರುಗಳೆಂದರೆ ಕಪ್ಪು ಮುಖದವರು, ರುಮಾಲು ಸುತ್ತಿದವರು. ನಮ್ಮ ಕಡೆಯ ಅಜ್ಜಂದಿರೂ ಹಾಗೇ ಇರುತ್ತಾರಲ್ಲ! ಆದರೂ ಅದೇ ಸೇನೆಯ ಎಮೆತ್ ಎಂಬ ಪ್ರಾಮಾಣಿಕ ಯುವಕನನ್ನು ಆಸ್ಲಾನ್ ಪ್ರೀತಿಯಿಂದ ಬರಮಾಡಿಕೊಳ್ಳುತ್ತಾನೆ.

ಏಳನೇ ತರಗತಿಗೆ ಈ ಕಥೆ ಹೇಳುವಾಗ ಎಮೆತ್‌ನನ್ನು ನಾನು ಬಿಡುವುದಿಲ್ಲ, ಕುಬ್ಜರನ್ನೂ ಬಿಡುವುದಿಲ್ಲ. ಗುರುಗಳು ಸುಳ್ಳು ಹೇಳಿದರೆಂದು ಮಕ್ಕಳಿಗೆ ಒಮ್ಮೆ ಅನಿಸಿದರೆ, ಆಮೇಲೆ ಹೇಳಿದ ನಿಜವೂ ಅವರ ಕಿವಿಗೆ ಹೋಗದು. ಈ ಕಾದಂಬರಿ ಮಕ್ಕಳಿಗಿಂತ ಮೊದಲು ನಾವು ಓದಬೇಕಾದದ್ದು.