ವಾದ್ಯವಿಲ್ಲದ ಹಾಡು

ಹಾಡಿಗೆ ವಾದ್ಯ ಬೇಕೇ ಬೇಕೆಂಬುದು ನಮ್ಮಲ್ಲಿ ಹಲವರ ತಿಳುವಳಿಕೆ. ಹಾರ್ಮೋನಿಯಂ, ತಬಲಾ ಇಲ್ಲವೆಂದರೆ ಹಾಡುವವರಿಗೂ ಅಳುಕು, ಕೇಳುವವರಿಗೂ ಬೇಸರ. ಆದರೆ ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡಗಳ ಈ ನಮ್ಮ ಸೀಮೆಯಲ್ಲಿ ಹೆಂಗಸರ ಹಾಡು ಎಂದೂ ವಾದ್ಯಕ್ಕಾಗಿ ಕಾದು ಕುಳಿತದ್ದಲ್ಲ.

ನನ್ನ ಅಜ್ಜಿಗೆ ಬೀಸುವ ಕಲ್ಲೇ ಶ್ರುತಿ, ಅದರ ಸುತ್ತೇ ತಾಳ. ಎದುರುಬದುರು ಕುಳಿತ ಇಬ್ಬರಲ್ಲಿ ಒಬ್ಬಳು ನುಡಿ ಎತ್ತಿದರೆ ಇನ್ನೊಬ್ಬಳು ಅದರ ತುದಿ ಹಿಡಿದು ಮುಂದುವರಿಸುವಳು. ಅಷ್ಟರಲ್ಲಿ ಮೊದಲಿನವಳು ಉಸಿರು ತೆಗೆದುಕೊಳ್ಳುವಳು. ಹೀಗಾಗಿ ಹಾಡು ಕಡಿಯುತ್ತಿರಲಿಲ್ಲ. ಕನ್ನಡದವರಿಗೆ ಇದು ಬೀಸುವ ಪದ, ಮರಾಠಿ ಮನೆಗಳಲ್ಲಿ ಓವಿ. ಭಾಷೆ ಎರಡು, ಕಲ್ಲು ಒಂದೇ.

ಇದಕ್ಕಿಂತಲೂ ಸೋಜಿಗದ್ದು ಪುಗಡಿ. ನಮ್ಮ ಸಿದ್ದಿ ಹೆಂಗಸರಲ್ಲಿ ಈ ಕುಣಿತವುಂಟು. ಗೋವೆ, ಕೊಂಕಣಗಳಲ್ಲಿಯೂ ಉಂಟು. ಸಿದ್ದಿಯರ ಡಮಾಮಿಗೆ ಚರ್ಮವಾದ್ಯ ಬೇಕು, ಪುಗಡಿಗೆ ಬೇಡ. ಕೈ ಕೈ ಹಿಡಿದು ಸುತ್ತುತ್ತ ವೇಗ ಏರಿದಂತೆ ಮಾತು ಉದುರಿಹೋಗಿ 'ಫೂ, ಫೂ' ಎಂಬ ಉಸಿರಷ್ಟೇ ಉಳಿಯುತ್ತದೆ. ಆ ಉಸಿರೇ ಮದ್ದಳೆ! ಬಾಯಿಂದ ತಾಳ ನುಡಿಸುವುದನ್ನು ನಗರಗಳಲ್ಲಿ ಹೊಸ ಪ್ರಯೋಗವೆನ್ನುತ್ತಾರೆ. ನಮ್ಮ ಅಂಗಳಗಳಿಗೆ ಅದು ಹಳೆಯದು.

ದೂರದ ಬಲ್ಗೇರಿಯದಲ್ಲಿ 1952ರಲ್ಲಿ ಸರ್ಕಾರಿ ರೇಡಿಯೊ ಹೆಂಗಸರದೇ ಒಂದು ಗಾಯನವೃಂದವನ್ನು ಕಟ್ಟಿತು. ಹಳ್ಳಿಯ ಹಾಡುಗಳನ್ನೇ ಹಲವು ದನಿಗಳಲ್ಲಿ ಹೆಣೆದು, ಪಕ್ಕಪಕ್ಕದ ಎರಡು ಸ್ವರಗಳನ್ನು ಒಟ್ಟಿಗೆ ನಿಲ್ಲಿಸಿ ಅವರು ಹಾಡಿದರು. 1990ರಲ್ಲಿ ಅವರಿಗೆ ಗ್ರ್ಯಾಮಿ ಪ್ರಶಸ್ತಿ ಬಂತು. ನಮ್ಮಲ್ಲಿಯಾದರೋ ಜಾನಪದ ಗೀತೆ ವೇದಿಕೆಗೆ ಬಂದರೆ ಕೀಬೋರ್ಡಿನ ಅಬ್ಬರದಲ್ಲಿ ಆ ಉಸಿರೇ ಮುಳುಗುತ್ತದೆ.

ಹಳೆಯದೆಲ್ಲ ಚಿನ್ನವೆಂದು ನಾನು ಹೇಳಲಾರೆ. ಹಿಟ್ಟಿನ ಗಿರಣಿ ಬಂದದ್ದರಿಂದ ಅಜ್ಜಿಯ ರಟ್ಟೆಗೆ ವಿಶ್ರಾಂತಿ ಸಿಕ್ಕಿತು. ಬೀಸುವ ಕೆಲಸವಿಲ್ಲದ್ದರಿಂದಲೇ ನಮ್ಮ ಮನೆಯಿಂದ ಮೊದಲ ಬಾರಿಗೆ ಒಬ್ಬಳು ಕಾಲೇಜಿನ ಮೆಟ್ಟಿಲು ಹತ್ತಿದಳು. ಆದರೆ ದುಡಿಮೆಯೊಡನೆ ಹಾಡೂ ಹೋಗಬೇಕೇ? ಅಂಕೋಲೆಯ ಹಾಲಕ್ಕಿ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂತು. 2025ರ ಫೆಬ್ರುವರಿಯಲ್ಲಿ ಅವರು ತೀರಿಕೊಂಡರು. ಅವರ ಹಾಡುಗಳು ಇದ್ದದ್ದು ಪುಸ್ತಕದಲ್ಲಲ್ಲ, ನೆನಪಿನಲ್ಲಿ. ಅಂಥ ನೆನಪು ಮನೆಮನೆಯಲ್ಲೂ ಮುಪ್ಪಾಗುತ್ತಿದೆ.

ಗೆಳತಿಯರೇ, ಮುಂದಿನ ಸ್ನೇಹಸಮ್ಮೇಳನದಲ್ಲಿ ನೀವು ಆರು ಮಂದಿ ಬರಿಗೈಯಲ್ಲಿ ವೇದಿಕೆಗೆ ಬನ್ನಿ. ಒಬ್ಬಳು ನುಡಿ ಎತ್ತಲಿ, ಒಬ್ಬಳು ತುದಿ ಹಿಡಿಯಲಿ, ಉಳಿದವರು ಉಸಿರಿನಿಂದ ತಾಳ ಕೊಡಲಿ. ಹೊಸದನ್ನು ಧೈರ್ಯವಾಗಿ ಸೇರಿಸಿ. ಅದಕ್ಕೆ ಮೊದಲು ಮಾತ್ರ ನಿಮ್ಮ ನಿಮ್ಮ ಅಜ್ಜಿಯರ ಬಳಿ ಕುಳಿತು ಕೇಳಿಕೊಂಡು ಬನ್ನಿ.