ಮಧ್ಯಾಹ್ನಕ್ಕೊಂದು ಮಂಚ

ಉಷ್ಣದೇಶದ ಮಹಾನಗರಗಳಲ್ಲಿ ಅಲೆದಾಡುವ ಹವ್ಯಾಸವುಳ್ಳವನಿಗೆ ವೈಭವದ ಹೋಟೆಲು ಕೋಣೆಗಿಂತ ಅಗ್ಗದ ಹಾಸ್ಟೆಲಿನ ಮಂಚವೇ ಹೆಚ್ಚು ಹಿತವೆಂದು ನಾನು ನಂಬಿದವನು. ಹಣದ ಉಳಿತಾಯಕ್ಕಾಗಿ ಮಾತ್ರವಲ್ಲ, ಅಂತಹ ಊರಿನಲ್ಲಿ ಮಧ್ಯಾಹ್ನವನ್ನು ಕಳೆಯುವುದಕ್ಕೆ ಅದಕ್ಕಿಂತ ತಕ್ಕ ಸ್ಥಳ ಬೇರೊಂದಿಲ್ಲವೆಂಬ ಕಾರಣದಿಂದ. ಬ್ಯಾಂಕಾಕ್ ನಗರವು ನನಗೆ ಇದನ್ನು ಮನಗಾಣಿಸಿತು. ಅಕ್ಷಾಂಶದಲ್ಲಿ ಅದು ನಮ್ಮ ಬೆಂಗಳೂರಿಗೆ ಬಹು ದೂರವಲ್ಲ. ಆದರೆ ಬೆಂಗಳೂರಿಗೆ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ರಕ್ಷೆಯುಂಟು, ಚಾವೊ ಫ್ರಯಾ ನದಿಯ ಮೆಕ್ಕಲುಮಣ್ಣಿನ ಮೇಲೆ ನೆಲೆಸಿದ ಬ್ಯಾಂಕಾಕಿಗೆ ಒಂದೆರಡು ಮೀಟರುಗಳಷ್ಟೇ. ಆದಕಾರಣ ಏಪ್ರಿಲ್ ತಿಂಗಳಿನಲ್ಲಿ ಹೊತ್ತು ಏರುತ್ತಲೇ ಅಲ್ಲಿ ಗಾಳಿ ಸ್ತಬ್ಧವಾಗಿ, ನೆಲ ಕಾದು, ಮೈಯ ಬೆವರು ಆರುವುದನ್ನೇ ಮರೆಯುತ್ತದೆ.

ನಾನು ಇಳಿದುಕೊಳ್ಳುವ ಹಾಸ್ಟೆಲು ಬಾಂಗ್ಲಂಫು ಎಂಬ ಹಳೆಯ ಪೇಟೆಯಲ್ಲಿ, ಫ್ರಾ ಆಥಿತ್ ದೋಣಿಗಟ್ಟೆಗೆ ಸಮೀಪದ ಓಣಿಯೊಂದರಲ್ಲಿದೆ. ಕೆಳಗೆ ಅಂಗಡಿ, ಮೇಲೆ ಮನೆ ಎಂಬ ಕ್ರಮದಲ್ಲಿ ಕಟ್ಟಿದ ಕಟ್ಟಡ. ಬಾಗಿಲಲ್ಲಿಯೇ ಪಾದರಕ್ಷೆಗಳನ್ನು ಬಿಟ್ಟು ಬರಿಗಾಲಲ್ಲಿ ಮರದ ಮೆಟ್ಟಿಲೇರಬೇಕು. ಡಾರ್ಮಿಟರಿಯಲ್ಲಿ ಎರಡಂತಸ್ತಿನ ಮಂಚಗಳು. ಒಂದೊಂದಕ್ಕೂ ದಪ್ಪನೆಯ ಪರದೆ, ತಲೆಯ ಬಳಿ ಪುಟ್ಟ ದೀಪ, ಮೊಬೈಲಿಗೆ ಪ್ಲಗ್ಗು, ಒದ್ದೆ ಟವೆಲಿಗೆ ಒಂದು ಮೊಳೆ, ಕೆಳಗೆ ಬೀಗ ಹಾಕುವ ಲಾಕರು. ಒಬ್ಬ ಪಥಿಕನಿಗೆ ಇದಕ್ಕಿಂತ ಹೆಚ್ಚೇನು ಬೇಕು? ಜರ್ಮನಿಯ ಶಾಲಾ ಉಪಾಧ್ಯಾಯ ರಿಚರ್ಡ್ ಶಿರ್ಮಾನ್ 1909ರಲ್ಲಿ ತನ್ನ ವಿದ್ಯಾರ್ಥಿಗಳೊಡನೆ ಕಾಲ್ನಡಿಗೆಯಲ್ಲಿ ಹೊರಟು ಬಿರುಮಳೆಗೆ ಸಿಕ್ಕಿ, ಊರೊಂದರ ಶಾಲೆಯಲ್ಲಿ ರಾತ್ರಿಯನ್ನು ಕಳೆದಾಗ ಹೊಳೆದ ವಿಚಾರವು 1912ರಲ್ಲಿ ಆಲ್ಟೆನಾ ಕೋಟೆಯೊಳಗೆ ಹಾಸ್ಟೆಲಿನ ರೂಪವನ್ನು ತಾಳಿತು. ನಮ್ಮ ಪುಣ್ಯವಂತರು ಯಾತ್ರಿಕರಿಗಾಗಿ ಛತ್ರಗಳನ್ನು ಕಟ್ಟಿಸಿದ್ದೂ ಇದೇ ಬಗೆಯ ಕರುಣೆಯಿಂದಲೇ.

ಅರುಣೋದಯಕ್ಕೆ ಮುನ್ನ, ಸಹವಾಸಿಗಳ ನಿದ್ರೆಗೆ ಭಂಗ ಬಾರದಂತೆ ಏಣಿಯಿಂದಿಳಿದು ಪಾಕ್ ಖ್ಲೊಂಗ್ ತಲಾತ್ ಎಂಬ ಹೂವಿನ ಸಂತೆಗೆ ಹೊರಡುವುದು ನನ್ನ ನಿತ್ಯವಿಧಿ. ಚೆಂಡುಹೂವಿನ ಮೂಟೆಗಳು, ಮಂಜುಗಡ್ಡೆಯ ಮೇಲಿಟ್ಟ ಮಲ್ಲಿಗೆ ಮೊಗ್ಗುಗಳು. ಅವುಗಳ ನಡುವೆ ಕುಳಿತ ಹೆಂಗಸರು ಮೊಳದುದ್ದದ ಸೂಜಿಗೆ ಮೊಗ್ಗುಗಳನ್ನು ಪೋಣಿಸುವ ಚುರುಕನ್ನು ನೋಡುತ್ತ ನಿಂತರೆ ಹೊತ್ತು ಹೋದದ್ದೇ ತಿಳಿಯದು. ಅಲ್ಲಿಂದ ವಾಟ್ ಫೋ ಮಂದಿರ. 46 ಮೀಟರ್ ಉದ್ದಕ್ಕೆ ಶಯನಿಸಿರುವ ಬುದ್ಧನ ಅಂಗಾಲುಗಳಲ್ಲಿ ಮುತ್ತಿನ ಚಿಪ್ಪಿನಿಂದ ಕೆತ್ತಿ ಕೂಡಿಸಿದ 108 ಮಂಗಳಚಿಹ್ನೆಗಳು, ಬೆನ್ನ ಹಿಂದೆ ಭಕ್ತರು ಕಾಸು ಹಾಕುವ 108 ಕಂಚಿನ ಪಾತ್ರೆಗಳು. ಮತ್ತೊಂದು ದಿನ ಕೆಂಪು ಬಣ್ಣದ ಮಹಾ ಉಯ್ಯಾಲೆಯ ಕಂಬಗಳ ಸಮೀಪದಲ್ಲಿರುವ ದೇವಸ್ಥಾನ. ಅಲ್ಲಿ ಶಿವ, ಗಣಪತಿ, ವಿಷ್ಣುಗಳನ್ನು ರಾಜಪುರೋಹಿತ ಬ್ರಾಹ್ಮಣರು ಇಂದಿಗೂ ಅರ್ಚಿಸುತ್ತಾರೆ. ಉಯ್ಯಾಲೆಯ ಉತ್ಸವವು 1935ರಲ್ಲಿ ನಿಂತುಹೋಯಿತಾದರೂ, ನಮ್ಮಲ್ಲಿ ಧನುರ್ಮಾಸದಲ್ಲಿ ಕೇಳಿಬರುವ ತಮಿಳು ಸ್ತುತಿಗಳ ಪರಂಪರೆಯು ಸಮುದ್ರವನ್ನು ದಾಟಿ ಅಲ್ಲಿ ಉಳಿದುಕೊಂಡಿದೆಯೆಂಬುದನ್ನು ನೆನೆದಾಗ ನನಗೆ ರೋಮಾಂಚವಾಗುತ್ತದೆ.

ಇಷ್ಟಾಗುವಷ್ಟರಲ್ಲಿ ಬಿಸಿಲು ತಲೆಗೇರುತ್ತದೆ. ಮಂಚಕ್ಕೆ ಮರಳುವ ವೇಳೆ ಅದೇ. ತಣ್ಣೀರಿನಲ್ಲಿ ಮಿಂದು, ಒದ್ದೆಗೂದಲಿನಲ್ಲೇ ಮೇಲೇರಿ ಪರದೆಯನ್ನೆಳೆದುಕೊಂಡೆನೆಂದರೆ ಆ ಆರಡಿ ಜಾಗವೇ ನನ್ನ ಸಾಮ್ರಾಜ್ಯ. ಬೆಳಿಗ್ಗೆ ಅವಸರದಲ್ಲಿ ಕಂಡದ್ದು ಆಗ ನಿಧಾನವಾಗಿ, ಒಂದೊಂದಾಗಿ ಕಣ್ಣಿಗೆ ಕಟ್ಟುತ್ತದೆ. ಆ ಸೂಜಿ, ಆ ಅಂಗಾಲು, ಆ ಕಾಸಿನ ಸದ್ದು. ನೋಡಿದ್ದು ಮನಸ್ಸಿನಲ್ಲಿ ಇಳಿಯಲು ಬಿಡುವು ಬೇಕು. ದಿನವಿಡೀ ಬಿಸಿಲಿನಲ್ಲಿ ತಿರುಗುವವರಿಗೆ ಆ ಬಿಡುವು ದೊರೆಯದೆಂಬುದೇ ನನ್ನ ಕೊರಗು. ಮಳೆಗಾಲವಾದರೆ ಮೂರು ನಾಲ್ಕು ಗಂಟೆಯ ವೇಳೆಗೆ ತಗಡಿನ ಚಾವಣಿಯ ಮೇಲೆ ಮಳೆ ಧಾರಾಕಾರವಾಗಿ ಸುರಿದು, ಹಗಲನ್ನು ತೊಳೆದು ಸಂಜೆಯನ್ನು ಕೈಗಿಡುತ್ತದೆ.

ಸಂಜೆಯ ಸುಖವೆಂದರೆ ಸೇನ್ ಸೇಪ್ ಕಾಲುವೆಯ ದೋಣಿ. ಥಾಯ್ ಅರಸ ಮೂರನೆಯ ರಾಮನ ಆಳ್ವಿಕೆಯಲ್ಲಿ ತೋಡಿಸಿದ ಈ ಕಾಲುವೆಯಲ್ಲಿ ಉದ್ದನೆಯ ಮೋಟಾರು ದೋಣಿಗಳು ಆಫೀಸು ಬಿಟ್ಟ ಜನರನ್ನು ಹೊತ್ತು ಧಾವಿಸುತ್ತವೆ. ಹೆಲ್ಮೆಟ್ಟು ಧರಿಸಿದ ಕಂಡಕ್ಟರು ದೋಣಿಯ ಹೊರಂಚಿನ ಮೇಲೆಯೇ ನಡೆಯುತ್ತ ಟಿಕೇಟು ಹರಿದು ಕೊಡುವನು. ತಗ್ಗಿನ ಸೇತುವೆ ಎದುರಾದಾಗ ಚಾವಣಿಯನ್ನೇ ತಗ್ಗಿಸುವರು, ಒಳಗಿದ್ದವರೆಲ್ಲ ತಲೆ ಬಾಗಿಸುವರು. ಎದುರು ದೋಣಿಯ ಅಲೆ ಒಳಗೆ ಚಿಮ್ಮದಂತೆ ಅಂಚಿನಲ್ಲಿ ಕುಳಿತವರು ಹಗ್ಗವನ್ನೆಳೆದು ಪ್ಲಾಸ್ಟಿಕ್ ಪರದೆಯನ್ನು ಏರಿಸಬೇಕು. ಪರಕೀಯನಾದ ನನ್ನ ಕೈಗೂ ಆ ಹಗ್ಗ ಬಂದಾಗ ಆ ಊರಿನ ಸಂಸಾರದಲ್ಲಿ ನಾನೂ ಒಬ್ಬನೆನಿಸುತ್ತದೆ.

ಈ ದೋಣಿಯ ವಿಷಯವನ್ನು ನನಗೆ ತಿಳಿಸಿದವರು ಹಾಸ್ಟೆಲಿನ ಅಡುಗೆಮನೆಯ ಮೇಜಿನಲ್ಲಿ ಎದುರಿಗೆ ಕುಳಿತು ಅನ್ನ ಉಣ್ಣುತ್ತಿದ್ದ ಚಿಲಿ ದೇಶದ ಶಿಕ್ಷಕಿಯೊಬ್ಬರು. ಅದೇ ಮೇಜಿನಲ್ಲಿ ಅದನ್ನು ನಾನು ದಾವಣಗೆರೆಯ ತರುಣನೊಬ್ಬನಿಗೆ ದಾಟಿಸಿದೆನು.

“ನಡುವೆ ಕೂತುಕೋಪ್ಪ, ನೀರು ಸಿಡಿಯೋದಿಲ್ಲ,” ಎಂದೆನು.

ಅವನು ನಕ್ಕು, “ಆಯ್ತು ಸರ್. ನೀವೂ ಒಂದು ಗುರುತು ಇಟ್ಕೊಳ್ರಿ. ಹಳದಿ ಬಾವುಟದ ಮೇಲೆ ಕೆಂಪಕ್ಷರ ಕಂಡ್ರೆ ಒಳಗೆ ಹೋಗ್ರಿ, ಅದು ಸಸ್ಯಾಹಾರದ ಅಂಗಡಿ, ಅಲ್ಲಿ ಮೀನಿನ ರಸ ಇರಲಿ, ಬೆಳ್ಳುಳ್ಳಿನೂ ಹಾಕಲ್ಲ,” ಎಂದನು.

ಅಂತಹ ಅಂಗಡಿಯೊಂದು ನಮ್ಮ ಓಣಿಯ ತಿರುವಿನಲ್ಲಿಯೇ ಇತ್ತು. ಆ ರಾತ್ರಿ ಇಬ್ಬರೂ ಹೋಗಿ ಹೊಟ್ಟೆ ತುಂಬ ಉಂಡು ಬಂದೆವು.